ಸೋಲ್ ಪ್ರವಾಸದ ತಯಾರಿ: ಅರಮನೆಗಳ ರಜೆ ಮತ್ತು ಅಮ್ಮನ ಊಟ

ದಕ್ಷಿಣ ಕೊರಿಯಾ ಪ್ರವಾಸದ ಪಟ್ಟಿಯಿಂದ ಬುಸಾನ್ ನಗರವನ್ನು ತೆಗೆದುಹಾಕಿದ್ದೇವೆ. ಭಾನುವಾರದಿಂದ ಮಂಗಳವಾರದವರೆಗಿನ ಸಮಯವನ್ನೆಲ್ಲ ಸೋಲ್ ನಗರದ ಜೊಂಗ್ನೊ ಪ್ರದೇಶಕ್ಕೇ ಮೀಸಲಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅರಮನೆಗಳು, ಬೌದ್ಧ ದೇವಾಲಯ, ಹಳೆಯ ಮಾರುಕಟ್ಟೆ, ಹನೋಕ್ ಎಂಬ ಸಾಂಪ್ರದಾಯಿಕ ಕೊರಿಯನ್ ಮನೆಗಳ ಓಣಿಗಳು ಅಲ್ಲಿ ಒಂದಕ್ಕೊಂದು ಹತ್ತಿರದಲ್ಲೇ ಇರುವುದರಿಂದ ಅಮ್ಮನಿಗೂ ನಡೆದಾಡಲು ಕಷ್ಟವಾಗದು.

ಯಾವ ದಿನ ಎಲ್ಲಿಗೆ ಎಂಬುದನ್ನು ನಮ್ಮ ಇಷ್ಟಕ್ಕಿಂತ ಹೆಚ್ಚಾಗಿ ವಾರದ ರಜೆಗಳೇ ನಿರ್ಧರಿಸಿವೆ. 1395ರಲ್ಲಿ ಕಟ್ಟಿದ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೂ ಜೊಸೊನ್ ರಾಜವಂಶದ ಪೂರ್ವಜರ ಆರಾಧನಾ ಮಂದಿರವಾದ ಜೊಂಗ್ಮ್ಯೊಗೂ ಮಂಗಳವಾರ ರಜೆಯಾದರೆ, ಚಾಂಗ್‌ಡೊಕ್‌ಗುಂಗ್ ಅರಮನೆಗೆ ಸೋಮವಾರ ರಜೆ. ಆದ್ದರಿಂದ ಭಾನುವಾರ ಜೊಂಗ್ಮ್ಯೊ ಮತ್ತು ಅದಕ್ಕೆ ಸಮೀಪದ ಗ್ವಾಂಗ್‌ಜಾಂಗ್ ಮಾರುಕಟ್ಟೆ, ಸೋಮವಾರ ಗ್ಯೊಂಗ್‌ಬೊಕ್‌ಗುಂಗ್, ಮಂಗಳವಾರ ಚಾಂಗ್‌ಡೊಕ್‌ಗುಂಗ್ ಎಂದು ಗೊತ್ತುಮಾಡಿದ್ದೇವೆ. ಕೊರಿಯಾದ ಸಾಂಪ್ರದಾಯಿಕ ಉಡುಪಾದ ಹನ್‌ಬೊಕ್ ಉಟ್ಟವರಿಗೆ ಅರಮನೆಗಳಿಗೆ ಪ್ರವೇಶ ಉಚಿತವಾದ್ದರಿಂದ ತಂಗಿ ಅದನ್ನು ಬಾಡಿಗೆಗೆ ಪಡೆಯುವ ಉತ್ಸಾಹದಲ್ಲಿದ್ದಾಳೆ. ಬಾಡಿಗೆ ಪ್ರವೇಶ ಶುಲ್ಕಕ್ಕಿಂತ ಹೆಚ್ಚೆಂಬುದನ್ನು ನಾನು ಇನ್ನೂ ಹೇಳಿಲ್ಲ.

ಹೆಚ್ಚು ಸಮಯ ಹಿಡಿದದ್ದು ಊಟದ ಯೋಜನೆ. ತಂಗಿ ಎಲ್ಲವನ್ನೂ ತಿನ್ನುತ್ತಾಳೆ. ಅಮ್ಮ ಮತ್ತು ನಾನು ಸಸ್ಯಾಹಾರಿಗಳು. ಕೊರಿಯಾದ ಅಡುಗೆಯಲ್ಲಿ ಸೊಪ್ಪು, ತರಕಾರಿ, ತೋಫುಗಳಿಗೆ ಕೊರತೆಯಿಲ್ಲವಾದರೂ, ಎಲೆಕೋಸನ್ನು ಹುದುಗಿಸಿ ಮಾಡುವ ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪಿನಲ್ಲಿ ಹುದುಗಿಸಿದ ಸೀಗಡಿಯನ್ನೋ ಮೀನಿನ ರಸವನ್ನೋ ಸೇರಿಸುತ್ತಾರೆ. ಹುದುಗಿಸಿದ ಸೋಯಾ ಕಾಳಿನ ಮುದ್ದೆಯಿಂದ ಮಾಡುವ ದ್ವೆನ್‌ಜಾಂಗ್ ಸಾರಿನಲ್ಲೂ ಅನೇಕ ಕಡೆ ಒಣಮೀನಿನ ಕಟ್ಟು ಇರುತ್ತದೆ. ಗ್ವಾಂಗ್‌ಜಾಂಗ್‌ನಲ್ಲಿ ನೆನೆಸಿದ ಹೆಸರುಬೇಳೆಯನ್ನು ಬೀಸುವ ಕಲ್ಲಿನಲ್ಲಿ ಅರೆದು, ಎಣ್ಣೆಯಲ್ಲಿ ಗರಿಗರಿಯಾಗಿ ಬೇಯಿಸುವ ಬಿಂದೆತೊಕ್ ನಮ್ಮ ಪೆಸರಟ್ಟಿನ ನೆಂಟನಂತೆ ಕಂಡರೂ, ಅದರ ಹಿಟ್ಟಿಗೂ ಕಿಮ್ಚಿಯನ್ನೋ ಹಂದಿಮಾಂಸವನ್ನೋ ಬೆರೆಸುವುದುಂಟು. ಹೀಗಾಗಿ ಅಲ್ಲಿ ಕುಂಬಳಕಾಯಿ ಗಂಜಿ ನಮ್ಮಿಬ್ಬರಿಗೆ, ಉಳಿದದ್ದೆಲ್ಲ ತಂಗಿಗೆ.

ಇದಕ್ಕೆ ದೊರೆತ ಉತ್ತಮ ಪರಿಹಾರವೆಂದರೆ ಬೌದ್ಧ ದೇವಾಲಯಗಳ ಅಡುಗೆ. ಅದರಲ್ಲಿ ಮಾಂಸ, ಮೀನುಗಳಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿ ಮುಂತಾದ ಘಾಟಿನ ತರಕಾರಿಗಳೂ ವರ್ಜ್ಯ. ಅಣಬೆ ಮತ್ತು ಕಡಲಪಾಚಿಯ ಕಟ್ಟೇ ಸಾರಿಗೆ ಆಧಾರ. ಇದನ್ನು ಓದಿ ಹೇಳಿದಾಗ, ವ್ರತದ ದಿನಗಳಲ್ಲಿ ಈರುಳ್ಳಿ ಮುಟ್ಟದ ಅಮ್ಮನಿಗೆ ಈ ಪ್ರವಾಸದ ಬಗ್ಗೆ ಮೊದಲ ಬಾರಿ ನಿಜವಾದ ಆಸಕ್ತಿ ಮೂಡಿತು. ಜೋಗ್ಯೆಸಾ ದೇವಾಲಯದ ಎದುರಿನಲ್ಲಿ ಜೋಗ್ಯೆ ಎಂಬ ಬೌದ್ಧ ಪಂಥದವರೇ ನಡೆಸುವ ಬಲ್ವೂ ಗೊಂಗ್ಯಾಂಗ್ ಎಂಬ ಹೋಟೆಲಿನಲ್ಲಿ ಸೋಮವಾರ ಮಧ್ಯಾಹ್ನದ ಊಟಕ್ಕೆ ಸ್ಥಳ ಕಾದಿರಿಸಲು ಕೋರಿಕೆ ಕಳುಹಿಸಿದ್ದೇನೆ. ಅಗ್ಗದ ಊಟವಲ್ಲ, ಆದರೆ ಬೇರೆ ಖರ್ಚು ಕಡಿಮೆ ಮಾಡಿಯಾದರೂ ಇದನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಜೊತೆಗೆ ಕೊರಿಯನ್ ಭಾಷೆಯ ಹಂಗುಲ್ ಲಿಪಿಯ 24 ಅಕ್ಷರಗಳನ್ನು ಕಲಿಯುತ್ತಿದ್ದೇನೆ. ಅರ್ಥ ತಿಳಿಯದಿದ್ದರೂ ಮಾಂಸ, ಮೀನುಗಳ ಹೆಸರುಗಳನ್ನು ಗುರುತಿಸಲು ಬಂದರೆ ಹೋಟೆಲಿನ ತಿಂಡಿಪಟ್ಟಿ ಓದುವಾಗ ಅರ್ಧ ಕೆಲಸ ಮುಗಿದಂತೆ.

ಹನೋಕ್ ಮನೆಗಳಿರುವ ಬುಕ್‌ಚೊನ್ ಓಣಿಗಳ ಒಂದು ಭಾಗದಲ್ಲಿ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಅವಕಾಶವಿರುವುದರಿಂದ ಅದನ್ನು ಮಂಗಳವಾರ ಮಧ್ಯಾಹ್ನಕ್ಕೆ ಸೇರಿಸಿದ್ದೇವೆ. ಚಾಂಗ್‌ಡೊಕ್‌ಗುಂಗ್‌ನ ಹಿಂಬದಿಯ ಹೂವೊನ್ ಉದ್ಯಾನಕ್ಕೆ ಬೇಕಾಗುವ ಪ್ರತ್ಯೇಕ ಟಿಕೆಟ್ ಇನ್ನೂ ಬಾಕಿ. ವೀಸಾ ಅರ್ಜಿಗೆ ಬ್ಯಾಂಕಿನ ದಾಖಲೆಗಳು ಸಿದ್ಧವಾಗಿವೆ. ವೀಸಾ ಕೈಸೇರುವವರೆಗೆ, ರದ್ದುಮಾಡಿದರೆ ಹಣ ಹಿಂದಿರುಗದ ಯಾವುದನ್ನೂ ಕಾದಿರಿಸುವುದಿಲ್ಲ.