ಹಲ್ಲಿ, ಕುಕ್ಕರ್, ಎಲೆಕ್ಷನ್

ಮಕ್ಕಳಿಗೆ ಕಥೆ ಬರೆಯುತ್ತೇನೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಇಷ್ಟೆಲ್ಲ ಎಲ್ಲಿಂದ ಹೊಳೆಯುತ್ತೆ ನಿಮಗೆ? ನಮ್ಮ ತಲೆಗೆ ಏನೂ ಬರಲ್ಲಪ್ಪ." ಅದರ ಬೆನ್ನಿಗೇ ಇನ್ನೊಂದು: "ದಿನಾ ಏನಾದ್ರೂ ಅಭ್ಯಾಸ ಮಾಡ್ತೀರಾ?"

ಮಾಡುತ್ತೇನೆ. ಬೆಳಿಗ್ಗೆ ಐದಕ್ಕೆ ಏಳುವುದಲ್ಲ, ಧ್ಯಾನವೂ ಅಲ್ಲ. ಮನಸ್ಸನ್ನು ಅದರ ಪಾಡಿಗೆ ಬಿಟ್ಟುಬಿಡಿ, ತಾನೇ ಹೊಳೆಯುತ್ತದೆ ಅಂತಾರಲ್ಲ, ಅದೂ ನನಗೆ ಒಗ್ಗಿಲ್ಲ. ಬಿಟ್ಟರೆ ನನ್ನ ಮನಸ್ಸು ಸೀದಾ ಹೋಗುವುದು ಫ್ರಿಜ್ ಹತ್ತಿರಕ್ಕೆ. ಹಾಗಾಗಿ ನಾನು ಮಾಡುವುದು ಅದಕ್ಕೆ ಉಲ್ಟಾ. ದಿನಕ್ಕೊಂದು ಸಣ್ಣ ಷರತ್ತು ಹಾಕಿಕೊಳ್ಳುತ್ತೇನೆ.

ಇದನ್ನು ಕಲಿತದ್ದು ಅಷ್ಟಾವಧಾನ ನೋಡಿ. ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ವೇದಿಕೆ ಮೇಲೆ ಪದ್ಯ ಕಟ್ಟಿ ಹೇಳುವ ಒಬ್ಬರು ಅವಧಾನಿ, ಜೊತೆಗೆ ಅವರನ್ನು ಪ್ರಶ್ನಿಸುವ ಎಂಟು ಜನ ಪೃಚ್ಛಕರು. ಪೃಚ್ಛಕರ ಕೆಲಸವೇ ಕಾಟ ಕೊಡುವುದು. ನಿಷೇಧಾಕ್ಷರಿಯವರು ಅವಧಾನಿ ಮುಂದೆ ಯಾವ ಅಕ್ಷರ ಹೇಳಬಹುದು ಎಂದು ಊಹಿಸಿ, ಅದೇ ಬೇಡ ಅಂತಾರೆ. ಸಮಸ್ಯೆಯವರು ತಲೆಬುಡವಿಲ್ಲದ ಒಂದು ಸಾಲು ಕೊಟ್ಟು, ಉಳಿದ ಸಾಲು ಕಟ್ಟಿ ಇದಕ್ಕೊಂದು ಅರ್ಥ ತನ್ನಿ ಅಂತಾರೆ. ದತ್ತಪದಿಯವರು ನಾಲ್ಕು ಪದ ಕೊಡುತ್ತಾರೆ, ಸಾಲಿಗೊಂದರಂತೆ ನಾಲ್ಕೂ ಪದ್ಯದೊಳಗೆ ಬರಬೇಕು. ಮಧ್ಯೆ ಅಪ್ರಸ್ತುತ ಪ್ರಸಂಗದವರ ತಲೆಹರಟೆ ಬೇರೆ. ಎಲ್ಲವೂ ಛಂದಸ್ಸಿನಲ್ಲಿ, ನಿಂತ ನಿಲುವಿನಲ್ಲೇ, ಪೇಪರ್ ಪೆನ್ನು ಇಲ್ಲದೆ. ಶತಾವಧಾನಿ ಆರ್. ಗಣೇಶ್ ಇಂಥ ಅವಧಾನಗಳನ್ನು ಸಾವಿರಕ್ಕೂ ಹೆಚ್ಚು ಮಾಡಿದ್ದಾರೆ.

ನಿಷೇಧಾಕ್ಷರಿಯನ್ನು ಗಮನಿಸಿ ನೋಡಿ. ಚಪ್ಪಾಳೆ ಬೀಳುವುದು ಸಲೀಸಾಗಿ ಬಂದ ಅಕ್ಷರಕ್ಕಲ್ಲ. ಬೇಡ ಅಂದದ್ದಕ್ಕೆ ಎಲ್ಲಿಗೋ ಹೊರಳಿ, ಆದರೂ ಅರ್ಥ ಬಿಡದ ಪದಕ್ಕೆ. ಮೊದಲು ಬಾಯಿಗೆ ಬರುವ ಪದ ಎಲ್ಲರ ಬಾಯಿಗೂ ಬರುವಂಥದ್ದು. ಅದನ್ನು ಕಿತ್ತುಕೊಂಡರೆ ಎರಡನೆಯದನ್ನೋ ಹತ್ತನೆಯದನ್ನೋ ಹುಡುಕಲೇಬೇಕು.

ನನಗೆ ಛಂದಸ್ಸು ಬರುವುದಿಲ್ಲ. ಮನೆ ಮಟ್ಟದ ದತ್ತಪದಿ ಮಾಡಿಕೊಂಡಿದ್ದೇನೆ. ಯಾರಾದರೂ ಮೂರು ಪದ ಕೊಡಬೇಕು. ಅನ್ನ ಆಗುವಷ್ಟರಲ್ಲಿ ಕಥೆಯ ಎಳೆ ಸಿಗಬೇಕು. ಮೂರಕ್ಕೂ ಕಥೆಯಲ್ಲಿ ಕೆಲಸ ಇರಬೇಕು. ಒಂದನ್ನು ತೆಗೆದರೂ ಕಥೆ ಬಿದ್ದುಹೋಗಬೇಕು. ಈ ಕೊನೆಯ ಷರತ್ತೇ ಮುಖ್ಯ.

ಒಮ್ಮೆ ಪಕ್ಕದ ಮನೆ ಹುಡುಗ ಕೊಟ್ಟದ್ದು ಹಲ್ಲಿ, ಕುಕ್ಕರ್, ಎಲೆಕ್ಷನ್. ಅಡುಗೆಮನೆಯಲ್ಲಿ ಎಲೆಕ್ಷನ್, ಕುಕ್ಕರ್ ಅಭ್ಯರ್ಥಿ. ಇಷ್ಟು ಯಾರಿಗಾದರೂ ಹೊಳೆಯುತ್ತದೆ. ಅಲ್ಲಿ ಕೂಗಾಡುವ ಪಾತ್ರೆ ಅದೊಂದೇ ಅಲ್ವಾ? ತಕರಾರು ಇದ್ದದ್ದು ಹಲ್ಲಿಯದ್ದು. ಗೋಡೆ ಮೇಲೆ ಕೂತು ತಮಾಷೆ ನೋಡಲಿ ಅಂದರೆ ಅದಕ್ಕೆ ಕೆಲಸವೇ ಇಲ್ಲ. ಹಾಗಾದರೆ ಹಲ್ಲಿ ಮಾಡುವುದಾದರೂ ಏನು? ಸೊಳ್ಳೆ ಹಿಡಿಯುತ್ತದೆ. ಬಾಲ ಉದುರಿಸುತ್ತದೆ. ಲೊಚಗುಟ್ಟುತ್ತದೆ. ಸಿಕ್ಕಿತು! ಯಾರಾದರೂ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ "ನೋಡು, ಹಲ್ಲಿನೂ ಹೂಂ ಅಂತು, ಸತ್ಯ" ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅಂದಮೇಲೆ ಕುಕ್ಕರ್ ಕೊಡುವ ಭರವಸೆಯನ್ನು ಲೋಟ ಸೌಟುಗಳು ನಂಬಬೇಕಾದರೆ ಹಲ್ಲಿ ಲೊಚಗುಟ್ಟಬೇಕು. ಕುಕ್ಕರ್ ಗುಟ್ಟಾಗಿ ಸೊಳ್ಳೆ ಕಳಿಸಿತು. ಎದುರಾಳಿ ಇಡ್ಲಿ ಪಾತ್ರೆ ಅದರ ಎರಡರಷ್ಟು ಕಳಿಸಿತು. ಹಲ್ಲಿ ತಿಂದು ತಿಂದು ಊದಿ, ಮತದಾನದ ದಿನ ಗೋಡೆಯಿಂದ ಜಾರಿ ಬಿತ್ತು. ಯಾರ ತಲೆ ಮೇಲೆ ಬಿತ್ತು, ಅದಕ್ಕೆ ಫಲ ಏನು ಎಂದು ಪಂಚಾಂಗ ತೆಗೆಯುವಲ್ಲಿಗೆ ಕಥೆ ಮುಗಿಯಿತು.

ಸುಮ್ನೆ ಒಂದು ಕಥೆ ಬರಿ ಅಂದಿದ್ದರೆ ನಾನು ಆಮೆ ಮೊಲದ ಸುತ್ತಲೇ ತಿರುಗುತ್ತಿದ್ದೆ.

ಇದೆಲ್ಲ ಬರೆಯುವವರ ಕಸರತ್ತು ಅನ್ನಬೇಡಿ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವವರು ದಿನಾ ಮಾಡುವುದು ಇದನ್ನೇ. 13ರಿಂದ 7ರವರೆಗೆ ಸಂದು ಚುಕ್ಕಿ ಎಂದುಕೊಳ್ಳಿ. ಮಧ್ಯದ ಸಾಲಿಗೆ 13. ಮೇಲಕ್ಕೂ ಕೆಳಕ್ಕೂ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ ಇಡುತ್ತಾ ಹೋದರೆ ಸಾಲಿಗೆ ಒಂದೊಂದು ಕಡಿಮೆಯಾಗಿ 7ಕ್ಕೆ ನಿಲ್ಲುತ್ತದೆ. ಒಂದು ಚುಕ್ಕಿಯೂ ಮಿಕ್ಕಬಾರದು, ಆಚೆ ಈಚೆ ಸರಿಸುವಂತಿಲ್ಲ. ಅಷ್ಟರಲ್ಲೇ ಇವತ್ತು ಕಮಲ, ನಾಳೆ ಚಿಟ್ಟೆ, ನಾಡಿದ್ದು ದೀಪ. ಬಳ್ಳಿ ಎಳೆಯುವ ರಂಗೋಲಿಯಾದರೆ ಇನ್ನೂ ಕಷ್ಟ. ಚುಕ್ಕಿಯನ್ನು ಮುಟ್ಟದೆ ಸುತ್ತ ಬಳಸಿಕೊಂಡು ಬಂದು ಗೆರೆ ಹೊರಟಲ್ಲಿಗೇ ಸೇರಬೇಕು. ಇಷ್ಟು ಮಾಡುವವರನ್ನು ಕೇಳಿ ನೋಡಿ, "ಅಯ್ಯೋ, ನನಗೆಲ್ಲಿ ಕ್ರಿಯೇಟಿವಿಟಿ, ಬಿಡಿ" ಅಂತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. (ಸ್ಟಿಕ್ಕರ್ ರಂಗೋಲಿ ಬಗ್ಗೆ ನಾನು ಬಾಯಿ ಬಿಡುವುದಿಲ್ಲ.)

ಷರತ್ತಿಗೆ ವಸ್ತುವೊಂದೇ ಆದರೂ ಸಾಕು. ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ ಕಾಗೆ ಎಂದರೆ ಬಾಲ್ಯದಿಂದಲೂ ಪ್ರೀತಿ. ಹೆಸರು ಮಾಡಿದ ಮೇಲೂ ಕಾಗೆ ಬಿಡಿಸುವುದನ್ನು ಬಿಡಲಿಲ್ಲ. ಒಂದೇ ಕಪ್ಪು ಹಕ್ಕಿ, ಕೂರುವ ಭಂಗಿ ಮಾತ್ರ ಬೇರೆ ಬೇರೆ.

ಕೆಲವು ದಿನ ಷರತ್ತು ಹಾಕಿಕೊಂಡರೂ ತಲೆ ಓಡುವುದಿಲ್ಲ. ಆಗ ಎದ್ದು ನಡೆಯುತ್ತೇನೆ, ಫೋನ್ ಮನೆಯಲ್ಲೇ ಬಿಟ್ಟು. ಇದಕ್ಕೆ ಆಧಾರವೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಝೋ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಂಗಿ ಗುಂಡಿ, ಟೈರ್‌ನಂಥ ವಸ್ತುಗಳನ್ನು ಹೇಳಿ, ಇವನ್ನು ಬೇರೆ ಯಾವುದಕ್ಕೆಲ್ಲ ಬಳಸಬಹುದು ಎಂದು ಜನರನ್ನು ಕೇಳಿದ್ದರು. ಕೂತಾಗಿಗಿಂತ ನಡೆಯುವಾಗ ಹೊಸ ಐಡಿಯಾಗಳು ಸರಾಸರಿ ಶೇಕಡಾ 60ರಷ್ಟು ಜಾಸ್ತಿ ಬಂದವು. ಟ್ರೆಡ್‌ಮಿಲ್ ಮೇಲೆ ಖಾಲಿ ಗೋಡೆ ನೋಡುತ್ತಾ ನಡೆದವರಿಗೂ ಲಾಭವಾಯಿತು. ಅಂದರೆ ಕಬ್ಬನ್ ಪಾರ್ಕೇ ಬೇಕೆಂದಿಲ್ಲ, ತಾರಸಿ ಸಾಕು. ಆದರೆ ಒಂದೇ ಸರಿಯುತ್ತರ ಇರುವ ಪ್ರಶ್ನೆಗಳಲ್ಲಿ ನಡೆಯುವವರು ಸ್ವಲ್ಪ ಹಿಂದೆಯೇ ಬಿದ್ದರು. ಹಾಗಾಗಿ ಇನ್‌ಕಂ ಟ್ಯಾಕ್ಸ್ ಲೆಕ್ಕವನ್ನು ದಯವಿಟ್ಟು ಕೂತೇ ಮಾಡಿ.

ನೋಟ್‌ಬುಕ್ ಇಟ್ಟುಕೊಳ್ಳಬೇಕಾ ಅಂತಲೂ ಕೇಳುತ್ತಾರೆ. ಇಟ್ಟುಕೊಳ್ಳಿ, ಚೆಂದದ್ದು ಮಾತ್ರ ಬೇಡ. ಚೆಂದದ ಪುಸ್ತಕದಲ್ಲಿ ಹುಚ್ಚುಹುಚ್ಚಾಗಿ ಬರೆಯಲು ಕೈ ಬರುವುದಿಲ್ಲ. ನನ್ನದು ಹಳೇ ಕರೆಂಟ್ ಬಿಲ್‌ಗಳ ಹಿಂಬದಿ.

"ಮಗಳನ್ನು ಯಾವ ಕ್ಲಾಸಿಗೆ ಸೇರಿಸಲಿ?" ಎನ್ನುವವರಿಗೆ ನಾನು ಹೇಳುವುದು, ಮೊದಲು ಒಂದು ವಾರ ಊಟದ ಹೊತ್ತಿಗೆ ಈ ಮೂರು ಪದದ ಆಟ ಆಡಿ ಎಂದು. ಮಕ್ಕಳು ನಮಗಿಂತ ಚೆನ್ನಾಗಿ ಕಾಟ ಕೊಡುತ್ತಾರೆ. ಒಬ್ಬರೇ ಇದ್ದೀರಾ? ಹಾಗಾದರೂ ಪದಗಳನ್ನು ನೀವೇ ಆರಿಸಿಕೊಳ್ಳಬೇಡಿ, ಗೊತ್ತಿಲ್ಲದೇ ಸುಲಭದ್ದನ್ನೇ ಆರಿಸುತ್ತೀರಿ. ಕಣ್ಣು ಮುಚ್ಚಿಕೊಂಡು ಪೇಪರ್ ಮೇಲೆ ಮೂರು ಕಡೆ ಬೆರಳಿಡಿ. "ಟೆಂಡರ್", "ಮುಂಗಾರು", "ಮಂಡಿನೋವು" ಬಂದರೂ ಸರಿಯೇ. ಬೆರಳು ಮಾತ್ರ ಸರಿಸಬೇಡಿ.