‘ಅಲ್ಲಿ ಕಷ್ಟ ಆಗ್ಲಿಲ್ವಾ?’

ಟಾಂಜಾನಿಯಾದಲ್ಲಿ ಸ್ವಯಂಸೇವಕಿಯಾಗಿ ಪಾಠ ಮಾಡಿ ಬಂದವಳು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ‘ಅಲ್ಲಿ ಕಷ್ಟ ಆಗ್ಲಿಲ್ವಾ?’ ಕೇಳುವಾಗ ಅವರ ತಲೆಯಲ್ಲಿರುವುದು ಸೊಳ್ಳೆ, ಬಿಸಿಲು, ಊಟ, ನೀರು. ‘ಇಲ್ಲ, ಚೆನ್ನಾಗಿತ್ತು’ ಅಂದರೆ ನಂಬುವುದಿಲ್ಲ. ‘ಹೌದು, ಆಯ್ತು’ ಅಂದರೆ ‘ಅಯ್ಯೋ ಪಾಪ’ ಅನ್ನುತ್ತಾರೆ. ಕಷ್ಟ ಆಗಿದ್ದು ನಿಜ. ಆದರೆ ಅವರು ಅಂದುಕೊಂಡ ಕಡೆ ಅಲ್ಲ. ಅದಕ್ಕೇ ಒಮ್ಮೆ ಬಿಡಿಸಿ ಬರೆಯೋಣ ಅನ್ನಿಸಿತು.

ನಾನಿದ್ದದ್ದು ಮಸಾಸಿಯಲ್ಲಿ. ದೇಶದ ದಕ್ಷಿಣದ ತುದಿಯಲ್ಲಿರುವ ಮ್ಟ್ವಾರಾ ಪ್ರಾಂತ್ಯದ ಊರು, ಮೊಜಾಂಬಿಕ್ ಗಡಿಗೆ ಹತ್ತಿರ. ದೇಶದ ದೊಡ್ಡ ನಗರ ದಾರ್ ಎಸ್ ಸಲಾಮ್‌ನಿಂದ ಬಸ್ಸು ಹತ್ತಿದರೆ ಇಡೀ ಹಗಲು ಬೇಕು. 2003ರಲ್ಲಿ ರುಫಿಜಿ ನದಿಗೆ ಸೇತುವೆ ಆಗುವ ಮೊದಲು ಮಳೆಗಾಲದಲ್ಲಿ ಆ ಕಡೆಗೆ ಹೋಗುವುದೇ ದೊಡ್ಡ ಸಾಹಸವಾಗಿತ್ತಂತೆ. ಊರಿನ ಸುತ್ತ ಬೋಳು ಕಲ್ಲುಗುಡ್ಡಗಳು, ಅವುಗಳ ಬುಡದಿಂದ ಕಣ್ಣು ಹಾಯುವಷ್ಟು ದೂರ ಗೇರು ಮರಗಳು. ಪುತ್ತೂರಿನ ಕಡೆಯವಳಾದ ನನಗೆ ಆ ಮರಗಳೇ ಮೊದಲ ಪರಿಚಯಸ್ಥರು. ಗೇರು ಹೂ ಬಿಡುವ ಜೂನ್, ಜುಲೈ ತಿಂಗಳಲ್ಲಿ ಬೂದಿ ರೋಗ ಬರದಂತೆ ಬೆಳಿಗ್ಗೆ ಬೆಳಿಗ್ಗೆಯೇ ಗಂಧಕದ ಪುಡಿ ಊದುತ್ತಾರೆ. ಶಾಲೆಗೆ ನಡೆದು ಹೋಗುವ ದಾರಿಯಲ್ಲಿ ಗಾಳಿಯೆಲ್ಲ ಬೆಂಕಿಕಡ್ಡಿ ಗೀರಿದ ವಾಸನೆ. ಅಕ್ಟೋಬರ್ ಬಂತೆಂದರೆ ಮರದಡಿ ಕೊಳೆತ ಗೇರುಹಣ್ಣಿನ ವಾಸನೆ. ಅದು ಮಾತ್ರ ನಮ್ಮ ಗುಡ್ಡದ ವಾಸನೆಯೇ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಅನ್ನ ಇದೆ, ಬೀನ್ಸ್ ಕಾಳಿನ ಸಾರು ಇದೆ, ಹರಿವೆ ಸೊಪ್ಪಿನ ಪಲ್ಯ ಇದೆ. ಮರಗೆಣಸಿನ ಎಲೆಯನ್ನು ಕುಟ್ಟಿ, ತೆಂಗಿನ ಹಾಲು ಹಾಕಿ ಮಾಡುವ ಪದಾರ್ಥವನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ. ಪಕ್ಕದ ಮನೆಯವರು ಕಾಯಿ ತುರಿಯಲು ಕೂತಾಗ ನೋಡಿದರೆ ಗಿಡ್ಡ ಮಣೆ, ಅದರ ಮುಂದೆ ಹಲ್ಲಿನ ಬ್ಲೇಡು. ನಮ್ಮ ತುರಿಮಣೆಯೇ! ಮಲೇರಿಯಾ ಬಂತು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸ್ವಲ್ಪ ಹೊತ್ತಿನಲ್ಲೇ ಹೇಳುತ್ತಾರೆ, ಮೂರು ದಿನದ ಮಾತ್ರೆ ಕೊಡುತ್ತಾರೆ. ಕರೆಂಟಿಗೆ ಮೊದಲೇ ದುಡ್ಡು ಕಟ್ಟಬೇಕು. ಮೊಬೈಲಿನಲ್ಲಿ ಕಟ್ಟಿದರೆ ಇಪ್ಪತ್ತು ಅಂಕಿಯ ಒಂದು ನಂಬರ್ ಬರುತ್ತದೆ, ಮೀಟರಿನಲ್ಲಿ ಅದನ್ನು ಒತ್ತಿದರೆ ದೀಪ. ಇದಕ್ಕೆಲ್ಲ ಮೈ ಬೇಗ ಒಗ್ಗುತ್ತದೆ. ಗಡಿಯಾರಕ್ಕೆ ಮಾತ್ರ ಜಾಸ್ತಿ ದಿನ ಬೇಕಾಯಿತು. ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಆರು ಗಂಟೆಯ ವ್ಯತ್ಯಾಸವನ್ನು ಸದಾ ತಲೆಯಲ್ಲಿ ಇಟ್ಟುಕೊಂಡೇ ಬಸ್ ಟಿಕೆಟ್ ಓದಬೇಕು.

ನಿಜವಾದ ಏರಿಳಿತ ಶುರುವಾಗುವುದು ಜನ ನಿಮ್ಮನ್ನು ಯಾರೆಂದು ತಿಳಿಯುತ್ತಾರೆ ಅನ್ನುವಲ್ಲಿ. ಮಸಾಸಿಯವರಿಗೆ ಇಂಡಿಯಾದವರು ಅಂದರೆ ವ್ಯಾಪಾರಿಗಳು. ಅಲ್ಲಿನ ಹಸಿ ಗೇರುಬೀಜದ ಬಹುಪಾಲು ಭಾರತಕ್ಕೂ ವಿಯೆಟ್ನಾಮಿಗೂ ಬರುತ್ತದೆ. ಮಂಗಳೂರಿನ ಕಾರ್ಖಾನೆಗಳಲ್ಲಿ ಸುಲಿಯುವ ಬೀಜದಲ್ಲಿ ಆ ಕಡೆಯದೂ ಇರುತ್ತದೆ. ಹಾಗಾಗಿ ಸಂತೆಯಲ್ಲಿ ನನಗೆ ಮೊದಲು ಬರುತ್ತಿದ್ದ ಪ್ರಶ್ನೆ, ‘ಈ ಸಲ ಕಿಲೋಗೆ ಎಷ್ಟು ಕೊಡ್ತೀರಿ?’ ನಾನು ಮೇಷ್ಟ್ರು, ಸಂಬಳ ಇಲ್ಲ, ಮನೆ ಬಾಡಿಗೆ ಮತ್ತು ಊಟಕ್ಕೆ ಆಗುವಷ್ಟು ಭತ್ಯೆ ಮಾತ್ರ ಅಂದರೆ ಸುಮ್ನೆ ನಗುತ್ತಿದ್ದರು.

ಇನ್ನೊಂದು ಪ್ರಶ್ನೆಗೆ ನನ್ನ ಬಳಿ ಉತ್ತರವೇ ಇರಲಿಲ್ಲ. ಆ ಭಾಗದಲ್ಲಿ ತೊಗರಿ ಬೆಳೆಯುತ್ತಾರೆ, ಮುಖ್ಯವಾಗಿ ನಮಗೆ ಮಾರಲಿಕ್ಕೇ. 2017ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಇಲ್ಲಿ ಅದಕ್ಕೆ ಕಾರಣ ಇತ್ತು. ಹಿಂದಿನ ಹಂಗಾಮಿನಲ್ಲಿ ಬೆಳೆ ವಿಪರೀತ ಬಂದು ಕಲಬುರಗಿಯ ರೈತರು ಬೆಲೆ ಸಿಗದೆ ಒದ್ದಾಡಿದ್ದರು. ಆದರೆ ಆ ಆದೇಶ ಬಂದದ್ದು ಮಸಾಸಿಯ ಹೊಲಗಳಲ್ಲಿ ಕೊಯ್ಲು ನಡೆಯುವ ಕಾಲಕ್ಕೆ ಸರಿಯಾಗಿ. ಬೆಲೆ ಕುಸಿದುಹೋಯಿತು. ಮರುವರ್ಷ ಕೂಡ ಸಂತೆಯಲ್ಲಿ ಒಬ್ಬ ಅಜ್ಜ ನನ್ನ ಮುಂದೆ ಅಂಗೈಯಲ್ಲಿ ತೊಗರಿ ಹಿಡಿದು ಕೇಳಿದರು: ‘ಯಾಕಮ್ಮ ಕೊಳ್ಳೋದು ನಿಲ್ಲಿಸಿಬಿಟ್ರಿ? ನಿಮ್ಮೋರು ಈಗ ಇದನ್ನ ತಿನ್ನೋದಿಲ್ವಾ?’ ಮನೆಯಲ್ಲಿ ಅದೇ ತೊಗರಿಯ ಸಾರು ಮಾಡಿಟ್ಟು ಬಂದಿದ್ದೆ. ತಿನ್ನುತ್ತೇವೆ ಅಂದೆ. ಕಲಬುರಗಿಯ ಕಥೆಯನ್ನೂ ಹೇಳಿದೆ. ಅಜ್ಜ ತಲೆಯಾಡಿಸಿದರು. ಅಲ್ಲಿಯ ರೈತನಿಗೂ ಇಲ್ಲಿಯ ರೈತನಿಗೂ ಒಂದೇ ವರ್ಷ ಹೀಗಾಯಿತಲ್ಲ ಅನ್ನುವ ಸಂಕಟ ಬಹಳ ದಿನ ನನ್ನ ಜೊತೆಗಿತ್ತು.

ಇನ್ನು ಕ್ಲಾಸಿನ ಮಾತು. ನಾನು ಹೋದದ್ದೇ ಅದಕ್ಕೆ. ಸರ್ಕಾರಿ ಮಾಧ್ಯಮಿಕ ಶಾಲೆ, ಭೌತಶಾಸ್ತ್ರ. 2016ರಿಂದ ಅಲ್ಲಿ ಮಾಧ್ಯಮಿಕ ಶಾಲೆಯ ನಾಲ್ಕನೇ ವರ್ಷದವರೆಗೆ ಸರ್ಕಾರಿ ಶಾಲೆಗಳಲ್ಲಿ ಫೀಸ್ ಇಲ್ಲ. ಒಳ್ಳೆಯ ಕೆಲಸ. ಮಕ್ಕಳು ಬಂದರು. ಆದರೆ ಬೆಂಚು, ಕೋಣೆ, ಮೇಷ್ಟ್ರು ಅದೇ ವೇಗದಲ್ಲಿ ಬರಲಿಲ್ಲ. ಒಂದು ಕೋಣೆಯಲ್ಲಿ ಎಂಬತ್ತರ ಹತ್ತಿರ ಮಕ್ಕಳು. ಅದಕ್ಕಿಂತ ದೊಡ್ಡ ಕಷ್ಟ ಭಾಷೆಯದು. ಪ್ರಾಥಮಿಕ ಶಾಲೆಯಲ್ಲಿ ಏಳು ವರ್ಷ ಎಲ್ಲ ಪಾಠವೂ ಅಲ್ಲಿನ ರಾಷ್ಟ್ರಭಾಷೆ ಸ್ವಾಹಿಲಿಯಲ್ಲಿ. ಮಾಧ್ಯಮಿಕ ಶಾಲೆಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷಿನಲ್ಲಿ. ಪರೀಕ್ಷೆಯೂ ಇಂಗ್ಲಿಷಿನಲ್ಲಿ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಪಿಯುಸಿ ಸೈನ್ಸ್‌ಗೆ ಸೇರಿದ ಮೊದಲ ತಿಂಗಳು ಏನಾಗುತ್ತದೆ ಅಂತ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್ಡಿನಲ್ಲಿ ಇದ್ದದ್ದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಳ್ಳುತ್ತೇವೆ. ಏನು ಬರೆದೆವು ಅಂತ ಮಾತ್ರ ಗೊತ್ತಿರುವುದಿಲ್ಲ. ಮಸಾಸಿಯ ಆ ಕೋಣೆಯಲ್ಲಿ ಎಂಬತ್ತು ತಲೆಗಳು ಬಗ್ಗಿ ಬರೆಯುತ್ತಿದ್ದುದನ್ನು ನೋಡಿದಾಗ ನನಗೆ ಎದೆ ಭಾರವಾಯಿತು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಎಲ್ಲರೂ ನೆಲ ನೋಡುವುದು. ಅದನ್ನೇ ನನ್ನ ತೊದಲು ಸ್ವಾಹಿಲಿಯಲ್ಲಿ ಕೇಳಿದರೆ ಹತ್ತಾರು ಕೈ ಮೇಲೆ!

ಭೌತಶಾಸ್ತ್ರದಲ್ಲಿ ಒತ್ತಡ, ಅಂದರೆ ಪ್ರೆಶರ್, ಪಾಠ ಮಾಡಿದ ದಿನ ಹೀಗಾಯಿತು. ಅಲ್ಲಿ ಮಕ್ಕಳು ಶಾಲೆಯ ಅಂಗಳ, ತೋಟ ನೋಡಿಕೊಳ್ಳಲು ಮನೆಯಿಂದ ಗುದ್ದಲಿ ತರುವುದುಂಟು. ಒಂದನ್ನು ಎತ್ತಿ ತೋರಿಸಿ, ಇದರ ಅಂಚನ್ನು ಮಸೆಯುವುದು ಯಾಕೆ ಅಂತ ಸ್ವಾಹಿಲಿಯಲ್ಲಿ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಮೊಂಡಾಗಿದ್ದರೆ ಬಲವೆಲ್ಲ ಹರಡಿಹೋಗುತ್ತದೆ, ಚೂಪಾಗಿದ್ದರೆ ಒಂದೇ ಕಡೆ ಬೀಳುತ್ತದೆ, ಮಣ್ಣು ಬಿಡುತ್ತದೆ ಅಂದಳು. ಪಾಠ ಪೂರ್ತಿ ಅವಳ ಬಾಯಲ್ಲೇ ಬಂದುಬಿಟ್ಟಿತ್ತು. ಇದನ್ನೇ ಇಂಗ್ಲಿಷಿನಲ್ಲಿ ಬರಿ, ತಪ್ಪಾದರೂ ಪರವಾಗಿಲ್ಲ ಅಂದೆ. ಬೋರ್ಡಿಗೆ ಬಂದು, ಸೀಮೆಸುಣ್ಣ ಹಿಡಿದು, ತುಂಬಾ ಹೊತ್ತು ನಿಂತು ಬರೆದಳು: ಸ್ಮಾಲ್ ಏರಿಯಾ, ಬಿಗ್ ಪ್ರೆಶರ್. ಆ ಸಂಜೆ ಮನೆಗೆ ಹೋಗುವ ದಾರಿ ಎಷ್ಟು ಹಗುರಾಗಿತ್ತು ಅಂದರೆ, ಅದೊಂದಕ್ಕೇ ನಾನು ಮತ್ತೆ ಅಷ್ಟು ದೂರ ಹೋಗಬಲ್ಲೆ.

ಅದೇ ಶಾಲೆಯಲ್ಲೇ ಅತಿ ಕೆಟ್ಟ ದಿನಗಳನ್ನೂ ನೋಡಿದೆ. ಬೆತ್ತ. ಟಾಂಜಾನಿಯಾದಲ್ಲಿ ಅದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಮುಖ್ಯೋಪಾಧ್ಯಾಯರು ಅಥವಾ ಅವರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟವರು ಮಾತ್ರ ಹೊಡೆಯಬಹುದು, ಅದೂ ನಾಲ್ಕು ಏಟಿಗಿಂತ ಜಾಸ್ತಿ ಅಲ್ಲ. ಸ್ಟಾಫ್ ರೂಮಿನಲ್ಲಿ ಈ ನಿಯಮ ಯಾರಿಗೂ ನೆನಪಿರುತ್ತಿರಲಿಲ್ಲ. ತಡವಾಗಿ ಬಂದದ್ದಕ್ಕೆ ಏಟು, ಲೆಕ್ಕ ತಪ್ಪಿದ್ದಕ್ಕೆ ಏಟು. ಕೆಲವು ಮಕ್ಕಳು ಹೊಲಗಳ ನಡುವೆ ಒಂದೂವರೆ ಗಂಟೆ ನಡೆದು ಬರುವವರು. ನಾನು ಬೆತ್ತ ಮುಟ್ಟಲಿಲ್ಲ, ಯಾವ ಮಗುವನ್ನೂ ಹೊಡೆಸಲು ಕಳಿಸಲಿಲ್ಲ. ಸಹೋದ್ಯೋಗಿಯೊಬ್ಬರು ಕೇಳಿದರು, ‘ನಿಮ್ಮ ದೇಶದಲ್ಲಿ ಹೊಡೆಯದೆ ಕಲಿಸ್ತಾರಾ?’ ನನ್ನ ಬಾಲ್ಯದಲ್ಲಿ ನಮ್ಮಲ್ಲೂ ನಾಗರಬೆತ್ತ ಇತ್ತು, 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿತು, ಆದರೂ ಪೂರ್ತಿ ಹೋಗಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟವರಲ್ಲ. ಅದೇ ಮನುಷ್ಯ ತನ್ನ ದುಡ್ಡಿನಲ್ಲಿ ಮಕ್ಕಳಿಗೆ ಪೆನ್ನು ತಂದುಕೊಡುವುದನ್ನೂ ನೋಡಿದ್ದೇನೆ. ಹೊರಗಿನಿಂದ ಬಂದವಳು ಎಷ್ಟು ಮಾತಾಡಬಹುದು, ಎಲ್ಲಿ ಸುಮ್ಮನಿರಬಾರದು ಅನ್ನುವ ಪ್ರಶ್ನೆ ಪ್ರತಿ ರಾತ್ರಿ ನನ್ನನ್ನು ಕಾಡುತ್ತಿತ್ತು. ಬೆತ್ತ ನಿಲ್ಲಲಿಲ್ಲ. ಕಷ್ಟ ಅಂದರೆ ನನಗೆ ಮೊದಲು ನೆನಪಾಗುವುದು ಇದೇ.

ಎರಡನೆಯದು ಖಾಲಿ ಹೊತ್ತು. ಇದನ್ನು ಯಾರೂ ಊಹಿಸುವುದಿಲ್ಲ. ಸೇವೆ ಮಾಡಲು ಹೋದವರಿಗೆ ಪುರುಸೊತ್ತೇ ಇರಲ್ಲ ಅಂದುಕೊಳ್ಳುತ್ತಾರೆ. ನವೆಂಬರಿನಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ ಶುರುವಾದರೆ ಉಳಿದ ಕ್ಲಾಸುಗಳು ಅರ್ಧಂಬರ್ಧ. ಗೇರುಬೀಜ ಹೆಕ್ಕುವ ಕಾಲದಲ್ಲಿ ಬೆಂಚುಗಳು ಖಾಲಿ. 2018ರ ಹಂಗಾಮಿನಲ್ಲಂತೂ ಖಾಸಗಿಯವರು ಹೇಳಿದ ಬೆಲೆ ಕಡಿಮೆಯಾಯಿತೆಂದು ದೇಶದ ಆಗಿನ ಅಧ್ಯಕ್ಷ ಮಗುಫುಲಿ ಬೀಜ ಕೊಳ್ಳಲು ಸೈನ್ಯವನ್ನೇ ಕಳಿಸಿದರು. ಕಿಲೋಗೆ 3,300 ಶಿಲ್ಲಿಂಗ್ ಘೋಷಣೆಯಾಯಿತು. ಊರಲ್ಲಿ ಸಂಭ್ರಮ. ಆಮೇಲೆ ದುಡ್ಡು ಕೈಗೆ ಬರಲು ಅನೇಕರು ತಿಂಗಳುಗಟ್ಟಲೆ ಕಾದರು. ಸಮವಸ್ತ್ರ, ಪುಸ್ತಕ, ಎಲ್ಲವೂ ಆ ದುಡ್ಡಿಗೇ ಕಾದಿದ್ದವು. ಜನವರಿಯಲ್ಲಿ ಹೊಸ ವರ್ಷದ ಶಾಲೆ ಶುರುವಾದಾಗ ಬಾರದ ಮಕ್ಕಳ ಮನೆಗೆ ಹೋಗಿ ಕೂತು ಬಂದಿದ್ದೇನೆ. ಹೇಳಲು ಏನೂ ಇರುತ್ತಿರಲಿಲ್ಲ. ಅಂಥ ಸಂಜೆ ಮನೆಗೆ ಫೋನ್ ಮಾಡೋಣ ಅಂದರೆ ನಮ್ಮೂರಿನಲ್ಲಿ ಗಡಿಯಾರ ಎರಡೂವರೆ ಗಂಟೆ ಮುಂದೆ, ಅಮ್ಮ ಮಲಗಿರುತ್ತಿದ್ದರು.

ನನ್ನನ್ನು ಎತ್ತಿ ನಿಲ್ಲಿಸಿದ್ದು ಪಕ್ಕದ ಮನೆಯವರು. ಅಲ್ಲಿ ತಾಯಂದಿರನ್ನು ಮೊದಲ ಮಗುವಿನ ಹೆಸರು ಹಿಡಿದು, ಇಂಥವರ ಅಮ್ಮ ಅಂತ ಕರೆಯುತ್ತಾರೆ. ಮಲೇರಿಯಾದಲ್ಲಿ ಮಲಗಿದ್ದಾಗ ಆ ತಾಯಿ ದಿನಾ ಬೆಳಿಗ್ಗೆ ಬಿಸಿ ಬಿಸಿ ಗಂಜಿ ತಂದು, ಪೂರ್ತಿ ಕುಡಿಯುವವರೆಗೆ ಬಾಗಿಲಲ್ಲೇ ಕೂತಿರುತ್ತಿದ್ದರು. ನಾನು ಹೊರಗೆ ಬಾರದಿದ್ದರೆ ಅರ್ಧ ಗಂಟೆಯಲ್ಲಿ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಅಲ್ಲಿ ಕೆಲಸದ ಮಾತು ಎತ್ತುವ ಮೊದಲು ಮನೆ, ಆರೋಗ್ಯ, ನಿನ್ನೆಯ ದಿನ ಎಲ್ಲವನ್ನೂ ವಿಚಾರಿಸಬೇಕು. ಮೊದಮೊದಲು ಹೊತ್ತು ಹೋಗುತ್ತದಲ್ಲ ಅನ್ನಿಸುತ್ತಿತ್ತು. ಕೊನೆಕೊನೆಗೆ ಆ ವಿಚಾರಣೆಗೇ ಕಾಯುತ್ತಿದ್ದೆ.

‘ನಮ್ಮ ದೇಶದಲ್ಲೇ ಮಾಡೋಕೆ ಕೆಲಸ ಇರಲಿಲ್ವಾ?’ ಅಂತಲೂ ಕೆಲವರು ಕೇಳುತ್ತಾರೆ. ಇದೆ, ಮಾಡುತ್ತಲೂ ಇದ್ದೇನೆ. ಆದರೆ ನಮ್ಮಲ್ಲಿಗೂ ಹೀಗೆ ಜನ ಬಂದಿದ್ದರಲ್ಲ. 1961ರಿಂದ 1976ರವರೆಗೆ ಅಮೆರಿಕದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್‌ನ ಹುಡುಗ ಹುಡುಗಿಯರು ಭಾರತದ ಹಳ್ಳಿಗಳಲ್ಲಿದ್ದರು, ಆಗಿನ ಮೈಸೂರು ರಾಜ್ಯದಲ್ಲೂ ಇದ್ದರು. ಕನ್ನಡ ಮೀಡಿಯಂನಿಂದ ಇಂಗ್ಲಿಷಿಗೆ ಜಿಗಿದ ಭಯ ಗೊತ್ತಿರುವ ಒಬ್ಬಳು ಮಸಾಸಿಯಲ್ಲಿ ಭೌತಶಾಸ್ತ್ರ ಕಲಿಸುವುದು ನನಗೆ ಅಷ್ಟೇ ಸಹಜ ಅನ್ನಿಸುತ್ತದೆ.

ಮತ್ತೆ ಹೋಗುತ್ತೀರಾ ಅಂದರೆ, ಹೋಗುತ್ತೇನೆ. ಆದರೆ ಕ್ಲಾಸ್ ತೆಗೆದುಕೊಳ್ಳಲು ಅಲ್ಲ. ನಾನು ಬಂದ ಮೇಲೆ ಆ ಶಾಲೆಯಲ್ಲಿ ಭೌತಶಾಸ್ತ್ರದ ಪೀರಿಯಡ್ ಕೆಲವು ತಿಂಗಳು ಖಾಲಿಯೇ ಇತ್ತು ಅಂತ ಮಕ್ಕಳು ಮೆಸೇಜ್ ಮಾಡಿದ್ದರು. ಓದಿ ನಿದ್ದೆ ಬರಲಿಲ್ಲ. ಸ್ವಯಂಸೇವಕರನ್ನು ಕಳಿಸುವವರು ಮಕ್ಕಳ ಮುಂದೆ ನಿಲ್ಲಿಸುವ ಬದಲು ಅಲ್ಲಿನ ಮೇಷ್ಟ್ರುಗಳ ಪಕ್ಕ ಕೂರಿಸಬೇಕು ಅಂತ ಈಗ ನನಗೆ ಖಚಿತವಾಗಿದೆ. ಪಾಠವನ್ನು ಮೊದಲು ಸ್ವಾಹಿಲಿಯಲ್ಲಿ ತಿಳಿಸಿ, ಆಮೇಲೆ ಇಂಗ್ಲಿಷಿಗೆ ದಾಟಿಸುವುದು ಹೇಗೆ ಅಂತ ಅವರ ಜೊತೆ ಕೂತು ನೋಟ್ಸ್ ಮಾಡಬೇಕು. ಅಲ್ಲಿನ ಗಣಿತದ ಮೇಡಂ ಒಬ್ಬರು ಇದಕ್ಕೆ ಒಪ್ಪಿದ್ದಾರೆ. ಸದ್ಯಕ್ಕೆ ಫೋನಿನಲ್ಲೇ ಮೊದಲ ಅಧ್ಯಾಯ ಶುರು ಮಾಡಿದ್ದೇವೆ.