ಯಾವ ಕಾಯಿನ್ ಕೊಳ್ಳಬೇಕು ಅನ್ನೋದು ನನ್ನ ಪುಸ್ತಕದಲ್ಲಿಲ್ಲ

ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದಿದೆ. ಹೆಸರು ‘ಕ್ರಿಪ್ಟೊ ಕೊಳ್ಳುವ ಮುನ್ನ’. ಕ್ರಿಪ್ಟೊ ಅಂದರೆ ಬಿಟ್‌ಕಾಯಿನ್‌ನಂಥ, ಕಂಪ್ಯೂಟರಿನಲ್ಲಷ್ಟೇ ಇರುವ ಡಿಜಿಟಲ್ ಕಾಯಿನ್‌ಗಳು. ಡೆಮಿ 1/8 ಆಕಾರ, 144 ಪುಟ, ಬೆಲೆ 160 ರೂಪಾಯಿ. ಬರೆದವಳು ನಾನೇ, ಪ್ರಕಾಶಕಿಯೂ ನಾನೇ. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತಳಾದೆ. ಮನೆ ಗದಗ-ಬೆಟಗೇರಿಯಲ್ಲಿ. ಈ ವಯಸ್ಸಿನಲ್ಲಿ ಕ್ರಿಪ್ಟೊ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದಾರೆ. ಈ ವಯಸ್ಸಿನವರಿಗೇ ಅದರ ತಿಳಿವಳಿಕೆ ಜಾಸ್ತಿ ಬೇಕು, ಅದಕ್ಕೆ.

ನಿವೃತ್ತಿಯಾದಾಗ ಕೈಗೆ ಒಮ್ಮೆಲೇ ದುಡ್ಡು ಬರುತ್ತದೆ. ಪಿಎಫ್, ಗ್ರಾಚ್ಯುಟಿ, ಉಳಿದ ರಜೆಯ ಹಣ. ಅದರ ಹಿಂದೆಯೇ ವಾಟ್ಸ್ಯಾಪ್ ಮೆಸೇಜುಗಳು ಶುರುವಾಗುತ್ತವೆ. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಬಂದರು. “ಅಕ್ಕಾರ, ನೀವು ಬ್ಯಾಂಕಿನ್ಯಾಗ ಇದ್ದವ್ರು. ತಿಂಗಳಿಗೆ ನೂರಕ್ಕ ಹದಿನೈದು ಕೊಡ್ತಾರಂತ. ಇದು ಬಿಟ್‌ಕಾಯಿನ್ ಹೌದೋ ಅಲ್ಲೋ ಒಂಚೂರು ನೋಡ್ರಿ” ಎಂದರು. ನೋಡಿದೆ. ಬಿಟ್‌ಕಾಯಿನ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಇರಲಿಲ್ಲ, ಯಾರೋ ಕಳಿಸಿದ ಲಿಂಕ್‌ನಿಂದ ಇಳಿಸಿದ್ದು. ಅವರು ಹೇಳುವ ಕಾಯಿನ್ ಆ ಆ್ಯಪ್ ಬಿಟ್ಟು ಇನ್ನೆಲ್ಲೂ ಮಾರಾಟಕ್ಕಿಲ್ಲ. ದುಡ್ಡು ಹಾಕಲು ಒಂದು ಬಟನ್ ಸಾಕು, ವಾಪಸ್ ತೆಗೆಯಲು ಮೊದಲು ‘ಶುಲ್ಕ’ ಕಟ್ಟಬೇಕು.

ಮಾಸ್ತರರ ದುಡ್ಡು ಉಳಿಯಿತು. ಆದರೆ ಮನೆಗೆ ತೆಗೆದುಕೊಂಡು ಹೋಗಿ ನಿಧಾನಕ್ಕೆ ಓದಿ ಎಂದು ಅವರ ಕೈಗಿಡಲು ನನ್ನ ಹತ್ತಿರ ಕನ್ನಡದ ಒಂದು ಪುಸ್ತಕ ಇರಲಿಲ್ಲ. ಬರೆಯಲು ಕೂತದ್ದು ಅದಕ್ಕಾಗಿ.

ಬರೆಯುವುದಕ್ಕೆ ಮೊದಲು ನಾನು ಓದಬೇಕಿತ್ತು. ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಹೊರಬಂದ, ಬಿಟ್‌ಕಾಯಿನ್‌ನ ಯೋಚನೆಯನ್ನು ಮೊದಲು ಮಂಡಿಸಿದ ಪ್ರಬಂಧ ಬರೀ 9 ಪುಟ. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂಬುದು ಇವತ್ತಿಗೂ ಖಚಿತವಾಗಿಲ್ಲ. ಜೀವನವಿಡೀ ಲೆಡ್ಜರ್ ಜೊತೆ ಬಾಳಿದವಳಿಗೆ ಆ 9 ಪುಟ ತುಂಬ ರುಚಿಸಿತು. ಒಂದೇ ದುಡ್ಡನ್ನು ಒಬ್ಬ ಇಬ್ಬರಿಗೆ ಕೊಡದಂತೆ ತಡೆಯುವುದು ಹೇಗೆ? ನಾವು ಬ್ಯಾಂಕಿನವರು ದಿನವಿಡೀ ಕೂತು ಮಾಡುತ್ತಿದ್ದದ್ದೇ ಅದು. ಬ್ಯಾಂಕೇ ಇಲ್ಲದೆ ಅದನ್ನು ಮಾಡುವ ದಾರಿ ಅಲ್ಲಿತ್ತು.

ಇದನ್ನು ನಮ್ಮ ಜನಕ್ಕೆ ಹೇಳಲು ನಾನು ಆರಿಸಿಕೊಂಡದ್ದು ಕಣಗಿನಹಾಳವನ್ನು. ಗದಗದ ಹತ್ತಿರದ ಆ ಊರಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ಅದಕ್ಕೆ ಹೆಸರು. ಅಂಥ ಯಾವ ಸಂಘವೂ ನಿಲ್ಲುವುದು ಕಿರ್ದಿ ಸರಿಯಾಗಿದೆ ಎಂಬ ನಂಬಿಕೆಯ ಮೇಲೆ. ಈಗ ಆ ಕಿರ್ದಿಯ ಪ್ರತಿ ಎಲ್ಲ ಸದಸ್ಯರ ಮನೆಯಲ್ಲೂ ಇದೆ ಎಂದುಕೊಳ್ಳಿ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಎಲ್ಲರ ಪ್ರತಿಯಲ್ಲೂ ಒಂದೇ ಹೊಸ ಪುಟ ಸೇರುತ್ತದೆ. ಪ್ರತಿ ಪುಟದ ತಲೆಯ ಮೇಲೆ ಹಿಂದಿನ ಪುಟದ ಗುರುತು ಇರುತ್ತದೆ. ಹಳೆಯ ಪುಟವನ್ನು ಯಾರಾದರೂ ತಿದ್ದಿದರೆ ಮುಂದಿನ ಗುರುತು ಯಾವುದೂ ತಾಳೆಯಾಗುವುದಿಲ್ಲ. 2009ರ ಜನವರಿ 3ರಂದು ಶುರುವಾದ ಬಿಟ್‌ಕಾಯಿನ್ ಹೀಗೇ ನಡೆದುಕೊಂಡು ಬಂದಿದೆ.

ಹಸ್ತಪ್ರತಿಯನ್ನು ಮೊದಲು ಒಬ್ಬ ಪ್ರಕಾಶಕರಿಗೆ ತೋರಿಸಿದೆ. ಓದಿದರು, ಮೆಚ್ಚಿದರು. ಆದರೆ ಈ ವರ್ಷ ಯಾವ ಐದು ಕಾಯಿನ್ ಕೊಳ್ಳಬೇಕು ಎಂಬ ಅಧ್ಯಾಯ ಬೇಕು, ಶೀರ್ಷಿಕೆಯಲ್ಲಿ ಕೋಟಿ ಅನ್ನೋ ಪದ ಇರಲಿ ಎಂದರು. ನನಗೆ ಸಿಟ್ಟೇ ಬಂತು. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 69 ಸಾವಿರ ಡಾಲರ್ ಇತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ 16 ಸಾವಿರಕ್ಕಿಂತ ಕೆಳಗೆ ಬಂದಿತ್ತು. ಲೂನಾ ಎಂಬ ಕಾಯಿನ್ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ನೆಲಕಚ್ಚಿತು. ಅದೇ ವರ್ಷ ನವೆಂಬರ್‌ನಲ್ಲಿ, ಜನ ಕ್ರಿಪ್ಟೊ ಕೊಂಡು ಮಾರುತ್ತಿದ್ದ ಎಫ್‌ಟಿಎಕ್ಸ್ ಎಂಬ ದೊಡ್ಡ ಎಕ್ಸ್‌ಚೇಂಜೇ ದಿವಾಳಿಯಾಯಿತು. ಇಷ್ಟು ಗೊತ್ತಿದ್ದೂ ಪಿಂಚಣಿದಾರರಿಗೆ ಐದು ಕಾಯಿನ್ ಹೆಸರು ಬರೆದುಕೊಡಲು ನನ್ನಿಂದ ಆಗುವುದಿಲ್ಲ. ಹಸ್ತಪ್ರತಿ ವಾಪಸ್ ತಂದೆ.

ಗದಗಕ್ಕೆ ಅಚ್ಚಿನ ಊರು ಎಂದೇ ಹೆಸರು. ಬೇರೆ ಊರಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಮನೆಗೆ ಹತ್ತಿರದ ಪ್ರೆಸ್ಸಿನಲ್ಲೇ ಮಾತಾಡಿದೆ. 16 ಪುಟಕ್ಕೆ ಒಂದು ಫಾರಂ, ನನ್ನದು 9 ಫಾರಂ. 70 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ. 300 ಪ್ರತಿ ಹಾಕಿದರೂ 1000 ಹಾಕಿದರೂ ಪ್ಲೇಟಿನ ಖರ್ಚು ಅಷ್ಟೇ, ಹಾಗಾಗಿ ಪ್ರತಿ ಹೆಚ್ಚಾದಷ್ಟೂ ಒಂದೊಂದರ ಅಸಲು ಇಳಿಯುತ್ತದೆ. 1000 ಹಾಕಿಸಿ ಎಂದು ಮಾಲೀಕರು ಹೇಳಿದರು. ಕ್ರಿಪ್ಟೊ ನಿಯಮಗಳು ಬೇಗ ಬದಲಾಗುತ್ತವೆ, ಹಳೆಯ ಪುಸ್ತಕ ಜನರ ಕೈಯಲ್ಲಿ ಇರಬಾರದು ಎಂದು ನಾನು 500ಕ್ಕೇ ನಿಂತೆ. ಪೆನ್ಷನ್‌ನಲ್ಲಿ ಉಳಿಸಿದ್ದರಲ್ಲೇ ಖರ್ಚು ತೂಗಿತು.

ಡಿಟಿಪಿ ಮಾಡಿದ ಹುಡುಗನ ಬಗ್ಗೆ ಹೇಳಲೇಬೇಕು. ನಾನು ಬರೆದದ್ದು ಯೂನಿಕೋಡ್‌ನಲ್ಲಿ. ಪುಟ ಕಟ್ಟಲು ಅವನು ಅದನ್ನು ಹಳೆಯ ನುಡಿ ಫಾಂಟ್‌ಗೆ ಬದಲಿಸಿದ. ಆ ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳು ಕೂತಿರುತ್ತವೆ. ಬಿಟ್‌ಕಾಯಿನ್ ವಿಳಾಸ (ಖಾತೆ ನಂಬರಿನಂಥ, ಇಂಗ್ಲಿಷ್ ಅಕ್ಷರ-ಅಂಕಿಗಳ ಸಾಲು) ಹೇಗಿರುತ್ತದೆ ಎಂದು ತೋರಿಸಲು ಕೊಟ್ಟಿದ್ದ ಉದಾಹರಣೆ ಮೊದಲ ಪ್ರೂಫ್‌ನಲ್ಲಿ ಒತ್ತಕ್ಷರ, ದೀರ್ಘ, ಕೊಂಬುಗಳ ಸಾಲಾಗಿ ಬಂದಿತ್ತು. ಅದನ್ನು ಮತ್ತೆ ಇಂಗ್ಲಿಷ್ ಫಾಂಟ್‌ಗೆ ತಂದು, ಅವನು ಒಂದೊಂದೇ ಅಕ್ಷರ ಓದಿದ, ನಾನು ಪೆನ್ಸಿಲ್ ಹಿಡಿದು ತಾಳೆ ನೋಡಿದೆ. ಹಳೆಯ ಮಾದರಿಯ ವಿಳಾಸಗಳಲ್ಲಿ ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ಈ ನಾಲ್ಕನ್ನೂ ಬಳಸುವುದಿಲ್ಲ, ನೋಡಲು ಒಂದೇ ಥರ ಕಾಣುತ್ತವೆ ಎಂಬ ಕಾರಣಕ್ಕೆ. ಇದು ಅವನಿಗೆ ತುಂಬ ಹಿಡಿಸಿತು. ದಿನಾ ಪ್ರೂಫ್ ನೋಡುವವನಲ್ವಾ?

ಹ್ಯಾಶ್, ಅಂದರೆ ಕಿರ್ದಿಯ ಪುಟದ ತಲೆಯ ಮೇಲಿರುವ ಆ ಗುರುತನ್ನು ವಿವರಿಸುವ ಪುಟ ಬಂದಾಗ ಇದೇನ್ರಿ ಎಂದು ಕೇಳಿದ. ಅವನ ಕಂಪ್ಯೂಟರಿನಲ್ಲೇ ಮಾಡಿ ತೋರಿಸಿದೆ. ‘ಬಾಕಿ 500 ರೂಪಾಯಿ’ ಎಂದು ಟೈಪ್ ಮಾಡಿ ಎಸ್‌ಎಚ್‌ಎ-256 ಎಂಬ ಹ್ಯಾಶ್ ಲೆಕ್ಕಕ್ಕೆ ಹಾಕಿದರೆ ಅಂಕಿ-ಅಕ್ಷರ ಸೇರಿ ಒಟ್ಟು 64 ಇರುವ ಸಾಲು ಬಂತು. 500 ಅನ್ನು 501 ಮಾಡಿದೆವು. ಮತ್ತೆ 64, ಆದರೆ ಮೊದಲಿನದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಅವನು ಪರದೆಗೆ ಮುಖ ಹಚ್ಚಿ ನೋಡಿದ. “ಒಂದ ಅಂಕಿ ಬದಲ ಮಾಡಿದ್ರ ಪೂರಾ ಬ್ಯಾರೇನ ಬಂತಲ್ರಿ ಮೇಡಂ! ಹಂಗಾರ ಕದ್ದು ತಿದ್ದಾಕ ಬರಂಗಿಲ್ಲ.” ನಾನು ಎರಡು ಪುಟದಲ್ಲಿ ವಿವರಿಸಿದ್ದು ಅವನ ಒಂದು ಮಾತಿನಲ್ಲಿತ್ತು. ಆ ಎರಡು ಪುಟ ತೆಗೆಸಿ, 500ರ ಸಾಲು, 501ರ ಸಾಲು ಒಂದರ ಕೆಳಗೊಂದು ಹಾಕಿಸಿದೆ. ಕೆಳಗೆ ಅವನ ಮಾತನ್ನು ಹಾಗೇ ಅಚ್ಚು ಮಾಡಿಸಿದೆ.

ತಂತ್ರಜ್ಞಾನದ ಮೇಲೆ ನನಗೆ ಗೌರವವಿದೆ. ಆದರೂ ನಿವೃತ್ತರಿಗೆ ಬೇಡ ಎಂದೇ ಬರೆದಿದ್ದೇನೆ, ಬ್ಯಾಂಕಿನವಳಾಗಿ. ಪಾಸ್‌ಬುಕ್ ಕಳೆದುಹೋಯಿತು ಎಂದು ಬಂದವರಿಗೆ ಡೂಪ್ಲಿಕೇಟ್ ಕೊಟ್ಟಿದ್ದೇನೆ. ಗಂಡ ತೀರಿಕೊಂಡ ಮೇಲೆ ಏನೂ ತಿಳಿಯದೆ ಕೌಂಟರ್ ಮುಂದೆ ನಿಂತ ಹೆಣ್ಣುಮಕ್ಕಳಿಗೆ ನಾಮಿನಿ ಹೆಸರು ನೋಡಿ ದುಡ್ಡು ತಲುಪಿಸಿದ್ದೇನೆ. ಬ್ಯಾಂಕ್ ಮುಳುಗಿದರೂ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ನಿಮ್ಮದೇ ವ್ಯಾಲೆಟ್‌ನಲ್ಲಿ, ಅಂದರೆ ಫೋನಿನ ಆ್ಯಪ್‌ನಂಥದ್ದರಲ್ಲಿ, ನೀವೇ ಇಟ್ಟುಕೊಂಡ ಕ್ರಿಪ್ಟೊಗೆ ಇದ್ಯಾವುದೂ ಇಲ್ಲ. ವ್ಯಾಲೆಟ್ ಮತ್ತೆ ತೆರೆಯಲು 12 ಅಥವಾ 24 ಪದಗಳ ಒಂದು ಪಟ್ಟಿ ಕೊಡುತ್ತಾರೆ. ಫೋನ್ ಹಾಳಾದ ದಿನ ಆ ಪಟ್ಟಿಯೂ ಕೈಯಲ್ಲಿ ಇಲ್ಲದಿದ್ದರೆ ಆ ದುಡ್ಡಿನ ಕಥೆ ಮುಗಿದಂತೆ. ಹೋಗಿ ಕೇಳಲು ಒಂದು ಬ್ರಾಂಚ್ ಇಲ್ಲ.

ಕಾನೂನಿನ ಅಧ್ಯಾಯ ಚಿಕ್ಕದು. 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ ಹಾಕಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತೆಗೆದುಹಾಕಿತು. ಹಾಗಾಗಿ ಕ್ರಿಪ್ಟೊ ನಿಷೇಧವೂ ಆಗಿಲ್ಲ, ನೋಟಿನಂತೆ ಚಲಾವಣೆಯ ಹಣವೂ ಅಲ್ಲ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಹಣವಾದ ಇ-ರುಪಾಯಿ ಬೇರೆ, ಇದು ಬೇರೆ. ತೆರಿಗೆಗೆ ಮಾತ್ರ ಜಾಗ ಜಾಸ್ತಿ ಕೊಟ್ಟಿದ್ದೇನೆ. 2022ರ ಬಜೆಟ್‌ನಿಂದ ಲಾಭದ ಮೇಲೆ ನೂರಕ್ಕೆ 30 ತೆರಿಗೆ, ಮೇಲೆ ಸೆಸ್. ಒಂದು ಕಾಯಿನ್‌ನಲ್ಲಿ 1 ಲಕ್ಷ ಲಾಭ, ಇನ್ನೊಂದರಲ್ಲಿ 1 ಲಕ್ಷ ನಷ್ಟ ಆಯಿತು ಎಂದಿಟ್ಟುಕೊಳ್ಳಿ. ಕೈಗೆ ಏನೂ ಉಳಿಯಲಿಲ್ಲ. ಆದರೂ 30,000 ತೆರಿಗೆ, 1,200 ಸೆಸ್ ಸೇರಿ 31,200 ರೂಪಾಯಿ ಕಟ್ಟಬೇಕು, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಈ ಲೆಕ್ಕ ತೋರಿಸಿದಾಗ ನನ್ನ ಹಳೆಯ ಸಹೋದ್ಯೋಗಿಗಳೇ ಬೆಚ್ಚಿದರು.

ಸ್ವಂತ ಪುಸ್ತಕ ತರಬೇಕು ಅನ್ನುವವರಿಗೆ ಎರಡು ಮಾತು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ. ಇನ್ನು, 1954ರ ಕಾಯ್ದೆಯ ಪ್ರಕಾರ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ ಸೇರಿ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಪೋಸ್ಟ್ ಆಫೀಸಿನಲ್ಲಿ ಆ ನಾಲ್ಕು ಕಟ್ಟು ಕೊಟ್ಟಾಗ ಆದ ಖುಷಿ ಬಿಡುಗಡೆ ಸಮಾರಂಭ ಮಾಡಿದ್ದರೂ ಆಗುತ್ತಿರಲಿಲ್ಲ. ಸಮಾರಂಭ ಮಾಡಲಿಲ್ಲ. ಆ ದುಡ್ಡಿನಲ್ಲಿ ಸುತ್ತಲಿನ ಹಳ್ಳಿಗಳ ಸಹಕಾರ ಸಂಘಗಳಿಗೆ ಪ್ರತಿ ಹಂಚಿದೆ.

ಅಂಗಡಿಯವರು ನೂರಕ್ಕೆ 35 ಕಮಿಷನ್ ಕೇಳಿದರು, ಕೊಟ್ಟೆ. ಹಿಂಬದಿಯಲ್ಲಿ ಲೇಖಕರ ಫೋಟೊ ಇದ್ದರೆ ಚಂದ ಎಂದು ಎಲ್ಲರೂ ಹೇಳಿದರು. ಅಲ್ಲಿ ದಪ್ಪ ಅಂಕಿಯಲ್ಲಿ 1930 ಎಂದಷ್ಟೇ ಹಾಕಿಸಿದ್ದೇನೆ. ಸೈಬರ್ ವಂಚನೆಯಾದರೆ ಕೂಡಲೇ ಕರೆ ಮಾಡಬೇಕಾದ ನಂಬರ್ ಅದು. ಬೇಗ ಹೇಳಿದಷ್ಟೂ ದುಡ್ಡನ್ನು ನಡುವೆಯೇ ತಡೆಹಿಡಿಯುವ ಅವಕಾಶ ಜಾಸ್ತಿ. ಪುಸ್ತಕ ಟೇಬಲ್ ಮೇಲೆ ಬೋರಲು ಬಿದ್ದಿದ್ದರೂ ಆ ನಂಬರ್ ಕಣ್ಣಿಗೆ ಬೀಳಲಿ.

ಈಗಾಗಲೇ ಪುಸ್ತಕ ಕೊಂಡವರಿಗೆ ಒಂದು ಸೂಚನೆ. ತೆರಿಗೆ ಅಧ್ಯಾಯದಲ್ಲಿ ಕೊಟ್ಟಿರುವ ಸೆಕ್ಷನ್ ನಂಬರುಗಳು 1961ರ ಕಾಯ್ದೆಯವು. ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ. ಹೊಸ ನಂಬರುಗಳ ಚೀಟಿ ಅಚ್ಚು ಹಾಕಿಸಿದ್ದೇನೆ, ಉಳಿದ ಪ್ರತಿಗಳಿಗೆ ಮನೆಯಲ್ಲೇ ಕೂತು ಅಂಟಿಸುತ್ತಿದ್ದೇನೆ. ನಿಮ್ಮ ಪ್ರತಿಯಲ್ಲಿ ಚೀಟಿ ಇಲ್ಲದಿದ್ದರೆ ಕೊಂಡ ಅಂಗಡಿಯಲ್ಲೇ ಕೇಳಿ, ಸುಮ್ನೆ ಕೊಡುತ್ತಾರೆ.